ಕಡಲಿಲ್ಲದ ಸಗರನಾಡು

ಶಹಾಪುರದಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ನೂರಾರು ಕಿಲೋಮೀಟರ್ ದೂರ. ಕರಾವಳಿಯವರು ದಂಡೆಯ ಮೇಲೆ ಮೀನು, ಆಮೆಗಳ ಪ್ರತಿಮೆ ನಿಲ್ಲಿಸಿದರೆ ಅದಕ್ಕೊಂದು ಅರ್ಥವುಂಟು. ನಮಗೆ ಕಡಲೆಂದರೆ ಹೆಸರಷ್ಟೇ. ಶಾಸನಗಳಲ್ಲಿ ಬರುವ ‘ಸಗರ ಮುನ್ನೂರು’, ಶಹಾಪುರದ ಮಗ್ಗುಲಿನ ಸಗರ ಗ್ರಾಮ, ಶಹಾಪುರ-ಸುರಪುರ ಸೀಮೆಗೆ ಇಂದಿಗೂ ಸಲ್ಲುವ ಸಗರನಾಡು ಎಂಬ ಹೆಸರು. ಸಗರ ಚಕ್ರವರ್ತಿಯ ಮಕ್ಕಳು ಅಗೆದದ್ದೇ ಸಾಗರವಾಯಿತೆಂಬ ಪುರಾಣವನ್ನು ಊರಿಗೆ ಗಂಟುಹಾಕಿ ಹೇಳುವವರೂ ಇದ್ದಾರೆ. ಸಾಲದ್ದಕ್ಕೆ, ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡ ಕಟ್ಟಿದ ಜಲಾಶಯಕ್ಕೂ ಬಸವಸಾಗರ ಅಂತಲೇ ಹೆಸರಾಯಿತು.

ಹೆಸರಿನ ಆಟ ಬಿಟ್ಟು ಕಾಲಕೆಳಗೆ ನೋಡಬೇಕು. ಪಡಸಾಲೆ, ಬಚ್ಚಲು, ಮನೆ ಮುಂದಿನ ಕಟ್ಟೆ, ಎಲ್ಲಕ್ಕೂ ಹಾಸಿರುವುದು ಪರಸಿ. ನಾಡೆಲ್ಲ ಶಹಾಬಾದ್ ಕಲ್ಲು ಎನ್ನುವ ಈ ಸುಣ್ಣಕಲ್ಲು ಒಂದಾನೊಂದು ಕಾಲದ ಆಳವಿಲ್ಲದ ಕಡಲಿನ ತಳ. ಭೂವಿಜ್ಞಾನಿಗಳ ಬಾಯಲ್ಲಿ ಭೀಮಾ ಶಿಲಾಶ್ರೇಣಿ. ಮೀನು ಹುಟ್ಟುವುದಕ್ಕೂ ಕೋಟಿಗಟ್ಟಲೆ ವರ್ಷ ಮೊದಲಿನ ಕಡಲದು. ಕೆತ್ತಬೇಕೆಂದರೂ ಮೀನೇ ಇರಲಿಲ್ಲ! ಇದೇ ಶ್ರೇಣಿಯ ಜೇಡಿಪದರಗಳಲ್ಲಿ ಚುವಾರಿಯಾ ಎಂಬ ಪಳೆಯುಳಿಕೆ ಸಿಕ್ಕಿದೆ. ಮೆಣಸಿನ ಕಾಳಿನಗಲದ ದುಂಡನೆಯ ಕಪ್ಪು ಮಚ್ಚೆ, ಅಷ್ಟೇ. ನಮ್ಮ ಸೀಮೆಯ ಕಡಲಜೀವಿಗಳ ಶಿಲ್ಪ ಯಾವುದೆಂದು ಕೇಳಿದವರಿಗೆ ನಾನು ತೋರಿಸುವುದು ಇದನ್ನೇ. ಕೆತ್ತಿದವರಿಲ್ಲ, ಅನಾವರಣ ಮಾಡಿದವರಿಲ್ಲ.

ಈ ಕಡಲತಳಕ್ಕೆ ಮೊದಲು ಕೈ ಹಚ್ಚಿದವರ ಗುರುತು ಹುಣಸಗಿ ಬಯಲಿನ ಇಸಾಂಪುರದಲ್ಲಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1990ರ ದಶಕದ ಕೊನೆಗೆ ಅಲ್ಲಿ ಅಗೆಸಿದಾಗ ಆದಿಮಾನವರ ಕಲ್ಲುಗಣಿಯೇ ಹೊರಬಂತು. ಸುಣ್ಣಕಲ್ಲಿನ ಹಾಸನ್ನು ಒಡೆದು, ಗುಂಡುಕಲ್ಲಿನಿಂದ ಬಡಿದು ಕೈಗೊಡಲಿ ಮಾಡಿಕೊಂಡಿದ್ದಾರೆ. ಅರ್ಧಕ್ಕೆ ಬಿಟ್ಟವು, ಚಕ್ಕೆಗಳು, ಬಡಿದ ಗುಂಡುಗಳು ಅಲ್ಲಲ್ಲೇ ಬಿದ್ದಿದ್ದವು. ಕಾಲಗಣನೆ ಸುಮಾರು 12 ಲಕ್ಷ ವರ್ಷ ಹಿಂದಕ್ಕೆ ಹೋಗುತ್ತದೆ. ಸುರಪುರವೆಂದರೆ ನಾಯಕ ಅರಸರು, ಗುಡ್ಡದ ಮೇಲಿನ ಟೇಲರ್ ಮಂಜಿಲ್, 1857-58ರ ರಾಜಾ ವೆಂಕಟಪ್ಪ ನಾಯಕ ಎಂದು ಶುರುಮಾಡುವ ನಮ್ಮ ಚರಿತ್ರೆ ಪುಸ್ತಕಗಳು ಇಸಾಂಪುರಕ್ಕೆ ಒಂದು ಸಾಲು ಕೊಟ್ಟರೆ ಹೆಚ್ಚು.

ಶಹಾಪುರಕ್ಕೆ ಬಂದವರು ಮಾತ್ರ ಕತ್ತೆತ್ತಿ ಗುಡ್ಡ ನೋಡುತ್ತಾರೆ. ಭೀಮರಾಯನಗುಡಿ ಕಡೆಯಿಂದ ನೋಡಿದರೆ ಗುಡ್ಡಗಳೆಲ್ಲ ಕೂಡಿ ಅಂಗಾತ ಮಲಗಿದ ಬುದ್ಧ: ಹಣೆ, ಮೂಗು, ಗದ್ದ, ಎದೆ. ಹತ್ತು ಹೆಜ್ಜೆ ಸರಿದರೆ ಮೂಗು ಬರೀ ಬಂಡೆ. ಆ ಗುಡ್ಡ ಕಡಲಿಗಿಂತಲೂ ಹಿರಿದು. ಸುಮಾರು 250 ಕೋಟಿ ವರ್ಷದ ಹಳೆಯ ಗ್ರಾನೈಟು ಜಾತಿಯ ಕಲ್ಲು. ಕಡಲು ಬಂದು ಹೂಳು ಇಳಿಸಿದ್ದು ಇಂಥ ಕಲ್ಲಿನ ಮೇಲೆಯೇ. ಫೋಟೋ ಹೊಡೆದುಕೊಂಡವರು ಬಿಸಿಲು ತಾಳದೆ ಚಹಾದಂಗಡಿಗೆ ಬರುತ್ತಾರೆ. ಹೊಸ್ತಿಲ ಪರಸಿಯ ಮೇಲೆ ಚಪ್ಪಲಿಯ ಧೂಳು ಝಾಡಿಸಿ, ಒಳಗೆ ಹೋಗಿ ಕೂರುತ್ತಾರೆ.