ಬಚ್ಚಲ ನೆಲಕ್ಕೂ ಒಂದು ಚರಿತ್ರೆ

‘ನಡೆಯುವವರು ಎಡವದೆ ಕುಳಿತವರು ಎಡವುವರೇ?’ ಎಂಬುದು ಹಿರಿಯರ ಗಾದೆ. ಬಚ್ಚಲಮನೆಗೆ ಈ ಮಾತು ಅಕ್ಷರಶಃ ಸಲ್ಲುತ್ತದೆ. ಮಣೆಯ ಮೇಲೆ ಕುಳಿತು ಮೀಯುತ್ತಿದ್ದ ನಾವು ಷವರ್ ಕೆಳಗೆ ನಿಂತು ಮೀಯಲು ಕಲಿತೆವು. ನೆಲವಾದರೋ ಅದೇ ಹೊತ್ತಿಗೆ ಒರಟುತನ ಬಿಟ್ಟು ನುಣುಪಾಯಿತು. ಮನೆಯ ಹಿರಿಯರು ಬಚ್ಚಲಲ್ಲಿ ಜಾರಿ ಬಿದ್ದರೆಂಬ ಸುದ್ದಿ ಕೇಳದ ಬೀದಿ ಇಂದು ವಿರಳ.

ಬಚ್ಚಲ ನೆಲದ ಧರ್ಮ ಮೂರು: ಅದು ನೀರನ್ನು ಹೀರಬಾರದು, ನಿಲ್ಲಿಸಬಾರದು, ಕಾಲನ್ನು ಜಾರಿಸಬಾರದು. ಮೊದಲ ಎರಡನ್ನು ಮನುಷ್ಯ ಬಹು ಹಿಂದೆಯೇ ಅರಿತಿದ್ದ. ಈಗ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿರುವ ಮೊಹೆಂಜೊದಾರೊದಲ್ಲಿ 1920ರ ದಶಕದಲ್ಲಿ ಉತ್ಖನನ ನಡೆದಾಗ, ಸುಮಾರು 4,500 ವರ್ಷ ಹಳೆಯ ಮನೆಗಳಲ್ಲಿ ಸ್ನಾನದ ಕಟ್ಟೆಗಳು ಕಾಣಿಸಿದವು. ಸುಟ್ಟ ಇಟ್ಟಿಗೆಗಳನ್ನು ಸಂದಿಲ್ಲದಂತೆ ಜೋಡಿಸಿ, ನೀರು ಹರಿದು ಬೀದಿಯ ಚರಂಡಿ ಸೇರುವಂತೆ ನೆಲಕ್ಕೆ ವಾಟ ಕೊಟ್ಟಿದ್ದರು. ಅಲ್ಲಿನ ಪ್ರಸಿದ್ಧ ಮಹಾಸ್ನಾನಗೃಹದ ಕೊಳಕ್ಕೆ ಜಿಪ್ಸಮ್ ಗಾರೆ ಬಳಸಿ, ನೀರು ಸೋರದಂತೆ ಡಾಂಬರಿನಂಥ ಬಿಟುಮೆನ್ ಪದರ ಬಳಿದಿದ್ದರು.

ಮೂರನೆಯ ಧರ್ಮವನ್ನು ನಮ್ಮ ಹಳೆಯ ಬಚ್ಚಲು ಸಹಜವಾಗಿ ಪಾಲಿಸಿತು. ಮೂಲೆಯಲ್ಲಿ ಹಂಡೆಯ ಒಲೆ, ಪಕ್ಕದಲ್ಲಿ ಉಳಿಯ ಗುರುತು ಮಾಸದ ಕಲ್ಲುಚಪ್ಪಡಿ. ಎಣ್ಣೆ, ಸೀಗೆಪುಡಿ ಬಿದ್ದರೂ ಆ ಒರಟು ಮೈ ಪಾದವನ್ನು ಹಿಡಿದುಕೊಳ್ಳುತ್ತಿತ್ತು. ಕಲಬುರಗಿ ಸೀಮೆಯಲ್ಲಿ ಶಹಾಬಾದ್ ಕಲ್ಲು ಈ ಕೆಲಸ ಮಾಡಿತು. ಆದರೆ ಅದು ಸುಣ್ಣಕಲ್ಲು. ಆಸಿಡ್ ಸುರಿದು ತೊಳೆದರೆ ಸವೆಯುತ್ತದೆ. ಕಲ್ಲಿನ ಸಂದಿಯಲ್ಲಿ ಪಾಚಿ ಕಟ್ಟುವುದೂ ಇತ್ತು. ಹಳೆಯದೆಲ್ಲವೂ ಚಿನ್ನವೇನಲ್ಲ.

ಆಮೇಲೆ ಸಿಮೆಂಟಿನ ಕಾಲ ಬಂತು. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಅದೇ ಸಿಮೆಂಟು ನಮ್ಮಲ್ಲಿಗೂ ಬಂದು, ಕಬ್ಬಿಣದ ಆಕ್ಸೈಡ್ ಪುಡಿ ಬೆರೆತು, ಕೆಂಪು ನೆಲವಾಗಿ ಮನೆಮನೆ ಸೇರಿತು. ಪಡಸಾಲೆಗೆ ಅದು ಶೋಭೆ. ಸಾಬೂನು ನೀರು ಬಿದ್ದರೆ ಮಾತ್ರ ಜಾರುಬಂಡೆ.

ಗುಜರಾತಿನ ಮೋರ್ಬಿಯಂಥ ಕಡೆ ಟೈಲ್ಸ್ ಕಾರ್ಖಾನೆಗಳು ಬೆಳೆದಂತೆ ಹೊಳಪು ಎಲ್ಲರ ಕೈಗೆಟುಕಿತು. ಟೈಲ್ಸ್‌ನಲ್ಲೂ ಜಾತಿಗಳುಂಟು. ಗೋಡೆಯ ಸಾಮಾನ್ಯ ಟೈಲ್ಸ್ ತನ್ನ ತೂಕದ ಶೇಕಡಾ 10ಕ್ಕಿಂತ ಹೆಚ್ಚು ನೀರು ಹೀರಬಲ್ಲದು. ವಿಟ್ರಿಫೈಡ್ ಟೈಲ್ಸ್ ಹೀರುವುದು ಶೇಕಡಾ 0.5ರೊಳಗೆ. ಹೀಗಾಗಿ ಗೋಡೆಯದನ್ನು ನೆಲಕ್ಕೆ ಹಾಕುವುದು ತಪ್ಪು. ಆದರೆ ನೀರು ಹೀರದ ಮಾತ್ರಕ್ಕೆ ಟೈಲ್ಸ್ ಜಾರದು ಎಂದಲ್ಲ. ಪಾಲಿಷ್ ಮಾಡಿದ ವಿಟ್ರಿಫೈಡ್ ಟೈಲ್ಸ್ ಒದ್ದೆಯಾದಾಗ ಎಲ್ಲಕ್ಕಿಂತ ಮೋಸಗಾರ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು. ಎಲ್ಲರೂ ಬಚ್ಚಲಲ್ಲೇ ಬೀಳುವುದಿಲ್ಲ, ನಿಜ. ಆದರೂ ಮನೆಯಲ್ಲಿ ದಿನವೂ ಒದ್ದೆಯಾಗುವ ನೆಲ ಅದೇ ಅಲ್ಲವೇ?

ಹಾಗಾದರೆ ಯಾವುದನ್ನು ಆರಿಸಬೇಕು? ಜಾರದ ಗುಣವನ್ನು ಆರ್-9ರಿಂದ ಆರ್-13ರವರೆಗೆ ಅಳೆಯುವ ಜರ್ಮನ್ ಪದ್ಧತಿಯೊಂದಿದೆ. ಅಂಕಿ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಬಚ್ಚಲಿಗೆ ಆರ್-10 ಅಥವಾ ಅದಕ್ಕೂ ಮೇಲಿನದನ್ನು ಕೇಳುವುದು ಲೇಸು. ಅಗಲದ ಟೈಲ್ಸ್‌ಗಿಂತ ಚಿಕ್ಕವು ಮೇಲು: ಸಂದಿಗಳು ಹೆಚ್ಚಿದಷ್ಟೂ ಪಾದಕ್ಕೆ ಆಸರೆ, ವಾಟ ಕೊಡುವುದೂ ಸುಲಭ. ಅಂಕಿ ತಿಳಿಯದಿದ್ದರೆ ಅಂಗಡಿಯಲ್ಲೇ ಟೈಲ್ಸ್ ಮೇಲೆ ನೀರು ಚೆಲ್ಲಿ ಬರಿಗಾಲಿನಿಂದ ಉಜ್ಜಿ ನೋಡಿ. ಅಂಗಡಿಯವರು ನಕ್ಕರೆ ನಗಲಿ. ಆ ನೆಲದ ಮೇಲೆ ನಾಳೆ ನಿಲ್ಲಬೇಕಾದವರು ನಿಮ್ಮ ಮನೆಯ ಅಜ್ಜಿ.