ಯಾವ ಜಗದೇಕಮಲ್ಲ? ನಾಗವರ್ಮರನ್ನು ಬೇರ್ಪಡಿಸುವಲ್ಲಿ ಉಳಿದುಹೋದ ಒಂದು ತೊಡಕು

ವಿದ್ಯಾರ್ಥಿಗಳು ಬಳಸುತ್ತಿರುವ ಸಾಹಿತ್ಯಚರಿತ್ರೆಯ ಕೈಪಿಡಿಯೊಂದನ್ನು ಈಚೆಗೆ ನೋಡಿದೆ. ಇಮ್ಮಡಿ ನಾಗವರ್ಮನಿಗೆ ಅಲ್ಲಿ ಅರ್ಧ ಪುಟ ಸಂದಿದೆ. ಅವನ ಕಾಲ ಸು. 1145 ಎಂದು ಮೊದಲ ಸಾಲು. ಅವನು 1042ರಲ್ಲಿ ವರ್ಧಮಾನಪುರಾಣ ಬರೆದನೆಂದು ಐದನೆಯ ಸಾಲು. ಜನ್ನನ ಗುರು, ಚಾಲುಕ್ಯರ ಸೇನೆಗೆ ಶಿಕ್ಷಕ ಎಂದು ಕೊನೆಯ ಸಾಲು. ನಡುವಿನ ನೂರ ಮೂರು ವರ್ಷ ಬರೆದವರ ಕಣ್ಣಿಗೂ ಬಿದ್ದಿಲ್ಲ, ಕರಡು ತಿದ್ದಿದವರ ಕಣ್ಣಿಗೂ ಬಿದ್ದಿಲ್ಲ. ಇದನ್ನು ಅಚ್ಚಿನ ತಪ್ಪೆಂದು ಬಿಡುವಂತಿಲ್ಲ. ಒಂದನ್ನೊಂದು ಅಲ್ಲಗಳೆಯುವ ಎರಡು ವಾದಗಳಿಂದ ತೀರ್ಮಾನಗಳನ್ನಷ್ಟೇ ಕಿತ್ತು ಒಂದೇ ವ್ಯಕ್ತಿಯ ಲೆಕ್ಕಕ್ಕೆ ಬರೆದರೆ ಹೀಗೇ ಆಗುತ್ತದೆ. ಈ ಲೇಖನ ಬರೆಯಲು ಆ ಅರ್ಧ ಪುಟವೇ ಕಾರಣ.

ನಾಗವರ್ಮನೆಂಬ ಹೆಸರಿನಲ್ಲಿ ನಮಗೆ ಉಳಿದಿರುವ ಕೃತಿಗಳನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಛಂದೋಂಬುಧಿಯನ್ನು ಕಿಟ್ಟೆಲ್ 1875ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು, ಕರ್ಣಾಟಕ ಭಾಷಾಭೂಷಣವನ್ನು ಬಿ.ಎಲ್. ರೈಸ್ 1884ರಲ್ಲಿ ಬೆಂಗಳೂರಿನಲ್ಲಿ. ಎರಡರ ಮುಖಪುಟದಲ್ಲೂ ನಾಗವರ್ಮ ಎಂದಷ್ಟೇ ಇದೆ. ಒಂದನೆಯವನು, ಎರಡನೆಯವನು ಎಂಬ ಎಣಿಕೆ ಇಲ್ಲ. ಆ ಎಣಿಕೆಯನ್ನು ನೆಲೆಗೊಳಿಸಿದ್ದು ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆ. ಛಂದೋಂಬುಧಿಯ ಕವಿ ವೆಣ್ಣಮಯ್ಯನ ಮಗ, ವೆಂಗಿ ನಾಡಿನ ಮೂಲದವನು, ಅಜಿತಸೇನರ ಶಿಷ್ಯ, ಗಂಗರ ರಕ್ಕಸಗಂಗನ ಆಶ್ರಿತ. ಕಾವ್ಯಾವಲೋಕನ, ಭಾಷಾಭೂಷಣ, ವಸ್ತುಕೋಶಗಳನ್ನು ಬರೆದವನು ದಾಮೋದರನ ಮಗ, ಚಾಲುಕ್ಯರ ಕಡೆಯವನು. ತಂದೆಯ ಹೆಸರು ಬೇರೆ, ನಾಡು ಬೇರೆ, ಅರಸುಮನೆತನ ಬೇರೆ. ಇಷ್ಟರ ಮೇಲೆ ಇಬ್ಬರನ್ನು ಒಬ್ಬನೆನ್ನುವುದಕ್ಕೆ ಬರುವುದಿಲ್ಲ. ಈ ಬೇರ್ಪಡಿಕೆ ಕವಿಚರಿತೆಯ ದೊಡ್ಡ ಸಾಧನೆಗಳಲ್ಲೊಂದು ಎಂಬುದು ನನ್ನ ನಿಲುವು. ಮುಂದೆ ನಾನು ಆಚಾರ್ಯರ ಒಂದು ತೀರ್ಮಾನವನ್ನು ಒಪ್ಪದಿರುವುದು ಅವರೇ ಕಲಿಸಿದ ಕ್ರಮವನ್ನು ಹಿಡಿದು. ಅವರನ್ನು ಓದದೆಯೇ ಅವರ ತಪ್ಪು ಹಿಡಿಯಹೊರಟವರ ಸಾಲಿನಲ್ಲಿ ನನ್ನನ್ನು ಸೇರಿಸಬಾರದು.

ತೊಡಕು ಇರುವುದು ಎರಡನೆಯವನ ಕಾಲದಲ್ಲಿ. ಇವನು ಜಗದೇಕಮಲ್ಲನಿಗೆ ಕಟಕೋಪಾಧ್ಯಾಯನಾಗಿದ್ದನೆಂಬುದೂ ಜನ್ನನಿಗೆ ಉಪಾಧ್ಯಾಯನೆಂಬುದೂ ಪರಂಪರೆಯಿಂದ ಬಂದಿರುವ ಮಾತು. ಕವಿಚರಿತೆ ಈ ಜಗದೇಕಮಲ್ಲನನ್ನು 1138ರಿಂದ 1151ರವರೆಗೆ ಆಳಿದ ಇಮ್ಮಡಿ ಜಗದೇಕಮಲ್ಲ ಎಂದು ಹಿಡಿಯಿತು. 1145 ಎಂಬ ವರ್ಷ ಬಂದದ್ದು ಅಲ್ಲಿಂದ. ಅದು ಯಾವ ಶಾಸನದ ತೇದಿಯೂ ಅಲ್ಲ, ಯಾವ ಗ್ರಂಥದ ಕೊನೆಯಲ್ಲಿ ಕವಿಯೇ ಹೇಳಿಕೊಂಡ ವರ್ಷವೂ ಅಲ್ಲ. ಒಬ್ಬ ಅರಸನ ಆಳ್ವಿಕೆಯ ನಡುವನ್ನು ನೋಡಿ ಇಟ್ಟ ಗುರುತು. ಆಚಾರ್ಯರು ಅದರ ಹಿಂದೆ 'ಸುಮಾರು' ಎಂದು ಬರೆದಿದ್ದರು. ಮುಂದಿನವರು ವರ್ಷವನ್ನು ಎತ್ತಿಕೊಂಡು 'ಸುಮಾರು' ಎಂಬುದನ್ನು ಬಿಟ್ಟರು.

ಜಗದೇಕಮಲ್ಲ ಎಂಬುದು ಬಿರುದು. ಕಲ್ಯಾಣದ ಚಾಲುಕ್ಯರಲ್ಲಿ ಅದನ್ನು ಧರಿಸಿದವನು ಒಬ್ಬನೇ ಅಲ್ಲ. ಮೊದಲನೆಯವನು 1015ರಿಂದ 1042ರ ಸುಮಾರಿನವರೆಗೆ ಆಳಿದ ಇಮ್ಮಡಿ ಜಯಸಿಂಹ. ಒಂದೇ ಹೆಸರಿನ ಇಬ್ಬರು ಕವಿಗಳನ್ನು ಬೇರ್ಪಡಿಸಲು ನಾವು ಆಧಾರವಾಗಿ ಹಿಡಿದದ್ದು ಒಂದೇ ಬಿರುದಿನ ಅರಸರಲ್ಲಿ ಒಬ್ಬನನ್ನು. ಕವಿಯ ಹೆಸರಿನ ಬಗ್ಗೆ ಪಟ್ಟ ಸಂದೇಹವನ್ನು ಅರಸನ ಹೆಸರಿನ ಬಗ್ಗೆ ಪಡಲಿಲ್ಲ. ನರಸಿಂಹಾಚಾರ್ಯರ ಮುಂದೆ ವರ್ಧಮಾನಪುರಾಣ ಇರಲಿಲ್ಲವಾದ್ದರಿಂದ ಅವರಿಗೆ ಸಂದೇಹಪಡುವ ಒತ್ತಾಯವಿರಲಿಲ್ಲ. ಆ ಪುರಾಣ ಹೊರಬಂದ ಮೇಲೂ 1145ನ್ನೇ ಹಿಡಿದು ಕೂತವರಿಗೆ ಆ ರಿಯಾಯಿತಿ ಸಲ್ಲದು. ನಾಗವರ್ಮನ ವರ್ಧಮಾನಪುರಾಣದ ಕಾಲ 1042. ಅಂದರೆ ಮೊದಲ ಜಗದೇಕಮಲ್ಲನ ಆಳ್ವಿಕೆಯ ತುತ್ತತುದಿ. ಜಗದೇಕಮಲ್ಲನ ಉಪಾಧ್ಯಾಯನೊಬ್ಬನು ನಾಗವರ್ಮನೆಂದು ಪರಂಪರೆ ಹೇಳುತ್ತದೆ. ಜಗದೇಕಮಲ್ಲನೊಬ್ಬನ ಕಾಲದಲ್ಲಿ ನಾಗವರ್ಮನೊಬ್ಬನು ಗ್ರಂಥ ಬರೆದದ್ದು ಖಚಿತವಾಗಿ ತಿಳಿದಿದೆ. ಇವೆರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡದೆ ನೂರು ವರ್ಷ ಈಚೆಗೆ ಹಾರುವುದೇಕೆ?

ಹಾರಲು ಕಾರಣ ಜನ್ನ. ಅವನು ಯಶೋಧರಚರಿತೆಯನ್ನು ಮುಗಿಸಿದ್ದು 1209ರಲ್ಲಿ, ಅನಂತನಾಥಪುರಾಣವನ್ನು 1230ರಲ್ಲಿ. ಅವನ ಉಪಾಧ್ಯಾಯ 1042ರಲ್ಲಿ ಇರುವುದು ಹೇಗೆ ಎಂಬುದು 1145ರ ಪಕ್ಷದವರ ಮುಖ್ಯ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡದೆ 1042ರ ಪಕ್ಷ ಗೆದ್ದಿತೆಂದು ಹೇಳಿಕೊಳ್ಳುವವರ ಆತುರವೂ ನನಗೆ ಒಪ್ಪಿಗೆಯಿಲ್ಲ. ಲೆಕ್ಕವನ್ನೇ ಹಾಕೋಣ. 1230ರಲ್ಲಿ ಜನ್ನನಿಗೆ ಎಪ್ಪತ್ತು ವರ್ಷವೆಂದು ಇಟ್ಟುಕೊಂಡರೆ ಅವನು ಹುಟ್ಟಿದ್ದು 1160ರಲ್ಲಿ. ಓದಿದ್ದು 1168ರಿಂದ ಮುಂದೆ. 1151ಕ್ಕೆ ತೀರಿಕೊಂಡ ಅರಸನ ಬೀಡಿನಲ್ಲಿ ಹಿರಿಯ ಉಪಾಧ್ಯಾಯನಾಗಿದ್ದವನಿಗೆ ಅಷ್ಟು ಹೊತ್ತಿಗೆ ಐವತ್ತೋ ಅರವತ್ತೋ ಆಗಿರಬೇಕು. ನಡುವೆ 1157ರ ಸುಮಾರಿಗೆ ಕಲ್ಯಾಣ ಬಿಜ್ಜಳನ ಕೈಸೇರಿತು. ಮುದಿ ಉಪಾಧ್ಯಾಯನು ಕಲ್ಯಾಣವನ್ನು ಬಿಟ್ಟು ಹೊಯ್ಸಳರ ನಾಡಿಗೆ ಬಂದು ಬಾಲಕ ಜನ್ನನಿಗೆ ಪಾಠ ಹೇಳಿದನೆನ್ನಬೇಕು. ಅಸಾಧ್ಯವೆಂದು ನಾನು ಹೇಳುವುದಿಲ್ಲ. ಆದರೆ ಆ ಪಯಣಕ್ಕೆ ಸಾಕ್ಷಿಯಿಲ್ಲ. ಕಾಲವನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಅದನ್ನು ಕಲ್ಪಿಸಬೇಕಾಗಿ ಬಂದಿದೆ.

ಇನ್ನೊಂದು ಸಂಗತಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಜನ್ನನ ತಂದೆ ಶಂಕರ, ಸುಮನೋಬಾಣನೆಂದು ಪ್ರಸಿದ್ಧನಾದವನು, ಹೊಯ್ಸಳ ನರಸಿಂಹನಲ್ಲಿ ಕಟಕೋಪಾಧ್ಯಾಯನಾಗಿದ್ದನು. ಕೇಶಿರಾಜ ಇವನ ಮಗಳ ಮಗ. ಸೂಕ್ತಿಸುಧಾರ್ಣವವನ್ನು ಸಂಕಲಿಸಿದ ಮಲ್ಲಿಕಾರ್ಜುನ ಅಳಿಯ. ಕನ್ನಡದ ಮಹಾವ್ಯಾಕರಣ ಹುಟ್ಟಿದ್ದು ಈ ಮನೆತನದಲ್ಲಿ. ಇಂಥ ಮನೆಯ ಹುಡುಗನಿಗೆ ಅಕ್ಷರವನ್ನೂ ಶಾಸ್ತ್ರವನ್ನೂ ಹೇಳಿಕೊಡಲು ಹೊರಗಿನಿಂದ ಒಬ್ಬ ವೃದ್ಧನು ಬರಬೇಕಾಗಿತ್ತೆ? ತಂದೆಯೇ ಕಟಕೋಪಾಧ್ಯಾಯನಾಗಿರುವಾಗ, ಇನ್ನೊಬ್ಬ ಕಟಕೋಪಾಧ್ಯಾಯನನ್ನು ಉಪಾಧ್ಯಾಯನೆಂದು ನೆನೆಯುವುದಕ್ಕೆ ಬೇರೆ ಅರ್ಥ ಇರಬೇಕೆಂದು ನನ್ನ ಓದು. ಆ ಮನೆಯಲ್ಲಿ ಪಾಠವಾಗುತ್ತಿದ್ದ ಗ್ರಂಥದ ಕರ್ತೃವನ್ನು, ತಂದೆಯ ವೃತ್ತಿಯ ಹಿಂದಿನ ಹಿರಿಯನನ್ನು, ಕವಿ ಉಪಾಧ್ಯಾಯನೆಂದು ವಂದಿಸಿದ್ದಾನೆ. ಶಾಸ್ತ್ರಪರಂಪರೆಯಲ್ಲಿ ಗುರುವೆಂಬ ಮಾತಿಗೆ ಈ ಅಗಲ ಇದ್ದೇ ಇದೆ. ಇದನ್ನು ಊಹೆಯೆಂದೇ ಕರೆಯುತ್ತೇನೆ, ಸಿದ್ಧಾಂತವೆನ್ನುವುದಿಲ್ಲ. ಆದರೆ ಕಲ್ಯಾಣದಿಂದ ವೃದ್ಧನೊಬ್ಬನನ್ನು ನಡೆಸಿಕೊಂಡು ಬರುವ ಊಹೆಗಿಂತ ಇದಕ್ಕೆ ಬೇಕಾದ ಕಲ್ಪನೆ ಕಡಿಮೆ.

ಸುಮನೋಬಾಣನ ಉದಾಹರಣೆ ಇನ್ನೊಂದು ತಪ್ಪನ್ನೂ ತಿದ್ದುತ್ತದೆ. ಕಟಕೋಪಾಧ್ಯಾಯ ಎಂಬುದಕ್ಕೆ ಸೇನಾಶಿಕ್ಷಕ ಎಂದು ಅರ್ಥ ಬರೆದವರಿದ್ದಾರೆ; ನಮ್ಮ ಕೈಪಿಡಿಕಾರರು ಅದನ್ನೇ ಎತ್ತಿಕೊಂಡಿದ್ದಾರೆ. ಕಟಕಕ್ಕೆ ಸೈನ್ಯವೆಂಬ ಅರ್ಥ ಇದೆ, ನಿಜ. ಆದರೆ ಅರಸನು ಬೀಡುಬಿಟ್ಟ ಜಾಗವೂ ರಾಜಧಾನಿಯೂ ಕಟಕವೇ. ಅರಸ ಒಂದು ನೆಲೆವೀಡಿನಿಂದ ಇನ್ನೊಂದಕ್ಕೆ ಹೊರಟರೆ ಆಸ್ಥಾನವೂ ಹೊರಡುತ್ತಿತ್ತು. ಕರಣಿಕರು, ಜೋಯಿಸರು, ಕವಿಗಳು, ರಾಜಕುಮಾರರು, ಅವರಿಗೆ ಪಾಠ ಹೇಳುವವರು ಎಲ್ಲರೂ ಆ ಬೀಡಿನವರು. ಸೂತ್ರ ವೃತ್ತಿ ಬರೆದವನು, ಕಾವ್ಯದೋಷಗಳನ್ನು ಎಣಿಸಿದವನು, ಸಂಸ್ಕೃತ ಪದಗಳಿಗೆ ಕನ್ನಡ ಅರ್ಥ ಕಟ್ಟಿದವನು ಬೀಡಿನಲ್ಲಿ ಹೇಳಿಕೊಡುತ್ತಿದ್ದದ್ದು ಕತ್ತಿವರಸೆಯನ್ನಲ್ಲ. ಅಭಿನವಶರ್ವವರ್ಮನೆಂಬ ಅವನ ಬಿರುದೇ ಇದನ್ನು ಹೇಳುತ್ತದೆ. ಶರ್ವವರ್ಮ ಕಾತಂತ್ರ ವ್ಯಾಕರಣದ ಕರ್ತೃ. ಅರಸನೊಬ್ಬನಿಗೆ ಬೇಗನೆ ಸಂಸ್ಕೃತ ಕಲಿಸಲು ಅದನ್ನು ರಚಿಸಿದನೆಂಬುದು ಎಲ್ಲರೂ ಬಲ್ಲ ಕಥೆ. ಅರಸನಿಗೆ ವ್ಯಾಕರಣ ಹೇಳಿದವನ ಹೆಸರಿಗೆ 'ಅಭಿನವ' ಸೇರಿಸಿ ಬಿರುದು ಕೊಟ್ಟರೆ, ಅದು ಯಾರಿಗೆ ಸಲ್ಲುತ್ತದೆ? ಅರಸನ ಬೀಡಿನಲ್ಲಿ ವ್ಯಾಕರಣ ಹೇಳುತ್ತಿದ್ದವನಿಗೆ. ಹುದ್ದೆಗೂ ಬಿರುದಿಗೂ ಇಷ್ಟು ಹೊಂದಿಕೆ ಇರುವಾಗ ಸೇನೆಯನ್ನು ನಡುವೆ ತರುವ ಅವಶ್ಯಕತೆಯೇ ಇಲ್ಲ.

ಸೇನಾಶಿಕ್ಷಕ ಎಂಬ ತಪ್ಪು ಅರ್ಥದಿಂದ ಇನ್ನೊಂದು ಅಪಾಯವೂ ಇದೆ. ಜಯಸಿಂಹನ ಮಗ ಆಹವಮಲ್ಲ ಸೋಮೇಶ್ವರನಲ್ಲಿ ನಾಗವರ್ಮನೆಂಬ ದಂಡನಾಯಕನೊಬ್ಬನಿದ್ದನು. ಕಾಲ ಸರಿಹೊಂದುತ್ತದೆ, ಹೆಸರು ಒಂದೇ, ಕಟಕವೆಂದರೆ ಸೈನ್ಯವೆಂದುಬಿಟ್ಟರೆ ವೃತ್ತಿಯೂ ಹೊಂದುವಂತೆ ಕಾಣುತ್ತದೆ. ಇಬ್ಬರನ್ನೂ ಒಬ್ಬನನ್ನಾಗಿ ಮಾಡುವ ಆಸೆ ಹುಟ್ಟುವುದು ಸಹಜ. ಕತ್ತಿ ಹಿಡಿದವನು ಕಾವ್ಯ ಬರೆಯಲಾರನೆಂದು ನಾನೇನೂ ವಾದಿಸುತ್ತಿಲ್ಲ. ಪಂಪ, ಚಾವುಂಡರಾಯ, ಸ್ವತಃ ಜನ್ನ ಇದ್ದಾರಲ್ಲ. ಆದರೆ ದಂಡನಾಯಕನ ಬಿರುದುಗಳೆಲ್ಲ ಶತ್ರುಗಳನ್ನು ಗೆದ್ದದ್ದನ್ನು ಸಾರುವಂಥವು. ದಾಮೋದರನ ಮಗನ ಬಿರುದುಗಳು ಕವಿತೆಯ, ವ್ಯಾಕರಣದ ಸುತ್ತಿನವು. ಇಬ್ಬರನ್ನು ಕೂಡಿಸಬೇಕಾದರೆ ದಂಡನಾಯಕನೂ ದಾಮೋದರನ ಮಗನೆಂದು ಒಂದು ಶಾಸನವಾದರೂ ಹೇಳಬೇಕು. ಅಲ್ಲಿಯವರೆಗೆ ಇಬ್ಬರ ಕಡತವೂ ಬೇರೆಯಾಗಿಯೇ ಇರಲಿ.

ಇನ್ನು ಕಾಲದ ಹವೆಯ ಮಾತು. ಜಯಸಿಂಹನ ಸಂಧಿವಿಗ್ರಹಿ ದುರ್ಗಸಿಂಹ 1031ರಲ್ಲಿ ಪಂಚತಂತ್ರ ಬರೆದನು. ಅದೇ ಆಳ್ವಿಕೆಯಲ್ಲಿ ಚಂದ್ರರಾಜ ಕಾಮಶಾಸ್ತ್ರದ ಮೇಲೆ ಮದನತಿಲಕವನ್ನೂ ಚಾವುಂಡರಾಯ ಲೋಕೋಪಕಾರವನ್ನೂ ಬರೆದರು. ಸ್ವಲ್ಪವೇ ಈಚೆಗೆ, 1049ರಲ್ಲಿ, ಶ್ರೀಧರಾಚಾರ್ಯನ ಜಾತಕತಿಲಕ. ಜ್ಯೋತಿಷ, ಮಳೆ, ಬಾವಿ, ಅಡುಗೆ, ಮರಮದ್ದು ಎಲ್ಲವನ್ನೂ ಕನ್ನಡದಲ್ಲಿ ಶಾಸ್ತ್ರವಾಗಿ ಕಟ್ಟುತ್ತಿದ್ದ ಕಾಲದಲ್ಲಿ ಕನ್ನಡಕ್ಕೇ ಒಂದು ಶಾಸ್ತ್ರ ಬೇಕೆಂದು ಒಬ್ಬನಿಗೆ ಅನ್ನಿಸಿತು; ಕಾವ್ಯಾವಲೋಕನದ ಶಬ್ದಸ್ಮೃತಿ ಭಾಗವನ್ನು ಕನ್ನಡದಲ್ಲಿ, ಭಾಷಾಭೂಷಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದನು. ಕನ್ನಡಕ್ಕೆ ಕನ್ನಡದಲ್ಲೂ ಸಂಸ್ಕೃತದಲ್ಲೂ ವ್ಯಾಕರಣ ಹೇಳಿದ ಆ ಧೈರ್ಯ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಈ ಹವೆಯೊಂದರಿಂದಲೇ ಕಾಲ ನಿರ್ಣಯವಾಗದು ಎಂಬುದನ್ನು ಒಪ್ಪಬೇಕು. 12ನೆಯ ಶತಮಾನದಲ್ಲೂ ರಾಜಾದಿತ್ಯನ ಗಣಿತ, ಜಗದ್ದಳ ಸೋಮನಾಥನ ವೈದ್ಯ ಬಂದಿವೆ. ಈ ವಾದವನ್ನೇ ಮುಖ್ಯ ಆಧಾರ ಮಾಡಿಕೊಂಡ ಮಿತ್ರರಿಗೆ ಇಷ್ಟು ಹೇಳುತ್ತೇನೆ: ಇದು ಊರುಗೋಲು, ಕಂಬವಲ್ಲ. ಕಂಬ ವರ್ಧಮಾನಪುರಾಣ.

ಮೇಲೆ ಲೋಕೋಪಕಾರದ ಚಾವುಂಡರಾಯನ ಹೆಸರು ಬಂತು. 978ರ ಚಾವುಂಡರಾಯಪುರಾಣದ ಗಂಗಮಂತ್ರಿ ಬೇರೆ, ಇವನು ಬೇರೆ. ಇವರಿಬ್ಬರನ್ನು ಬೆರೆಸುವವರು ಈಗ ಯಾರೂ ಇಲ್ಲ. ಆದರೂ ಇವರನ್ನು 'ಮೊದಲನೆಯ', 'ಇಮ್ಮಡಿ' ಎಂದು ಎಣಿಸುವ ಪದ್ಧತಿ ನನಗೆ ಸರಿಕಾಣುವುದಿಲ್ಲ. ಇಮ್ಮಡಿ, ಮುಮ್ಮಡಿ ಎನ್ನುವುದು ಒಂದು ಸಿಂಹಾಸನದ ಮೇಲೆ ಒಬ್ಬರಾದ ಮೇಲೊಬ್ಬರು ಕೂತ ಅರಸರಿಗೆ. ಕವಿಗಳಿಗೆ ಸಿಂಹಾಸನವಿಲ್ಲ. ಇಮ್ಮಡಿ ಎಂದೊಡನೆ ಹೆಸರಿನವರು ಇಬ್ಬರೇ ಎಂಬ ಭ್ರಮೆ ಹುಟ್ಟುತ್ತದೆ. ಮೂರನೆಯವನು ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಉದಯಾದಿತ್ಯನ ಆಶ್ರಯದಲ್ಲಿ, 1070ರ ಸುಮಾರಿಗೆ, ಚಂದ್ರಚೂಡಾಮಣಿ ಶತಕ ಬರೆದ ನಾಗವರ್ಮಾಚಾರ್ಯ ಅಂಥವನು. ಅದ್ವೈತಿ, ಬಳ್ಳಿಗಾವೆಯವನು. ಎಣಿಕೆ ಕಾಲಕ್ರಮದ್ದಾದರೆ, 1145ರ ಪಕ್ಷದವರ ಲೆಕ್ಕದಲ್ಲಿ ಇಮ್ಮಡಿಯ ಪಟ್ಟ ಇವನಿಗೆ ಸಲ್ಲಬೇಕಾಗಿತ್ತು. ಅದನ್ನು ಗಮನಿಸಿದವರು ನನಗೆ ಸಿಕ್ಕಿಲ್ಲ.

ಕೆಲವು ವರ್ಷಗಳ ಹಿಂದೆ ಗ್ರಂಥಾಲಯವೊಂದರಲ್ಲಿ ನಾಗವರ್ಮನ ಸೂಚಿಪತ್ರಗಳನ್ನು ತೆಗೆಸಿ ನೋಡಿದ್ದೆ. ಛಂದೋಂಬುಧಿ, ವಸ್ತುಕೋಶ, ಶತಕ ಮೂರೂ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಕರ್ತೃವಿನ ಹೆಸರಿನಡಿ, ಒಂದರ ಹಿಂದೊಂದು ಇದ್ದವು. ಅಲ್ಲಿಯ ಸಿಬ್ಬಂದಿ ಕೇಳಿದ್ದರಿಂದ ಹೇಗೆ ಬೇರ್ಪಡಿಸಬೇಕೆಂದು ಬರೆದುಕೊಟ್ಟೆ: ನಾಗವರ್ಮ, ವೆಣ್ಣಮಯ್ಯನ ಮಗ; ನಾಗವರ್ಮ, ದಾಮೋದರನ ಮಗ; ನಾಗವರ್ಮಾಚಾರ್ಯ, ಬಳ್ಳಿಗಾವೆ. ನಮ್ಮ ಕವಿಗಳು ತಮ್ಮನ್ನು ಗುರುತಿಸಿಕೊಂಡ ಬಗೆಯೂ ಇದೇ. ತಂದೆ, ಊರು, ಗುರು ಇವನ್ನು ಅವರೇ ಬರೆದಿಟ್ಟಿರುವಾಗ ಅರಸರಿಂದ ಅಂಕಿಯನ್ನು ಕಡ ತರಬೇಕಾಗಿಲ್ಲ.

ಕರ್ಣಾಟಕ ಕಾದಂಬರಿಯ ಪತ್ರವನ್ನು ಎಲ್ಲಿಡಬೇಕೆಂದು ಅವರು ಕೇಳಿದರು. ರೂಢಿಯಂತೆ ಅದು ವೆಣ್ಣಮಯ್ಯನ ಮಗನದು. ಆದರೆ ಕಾದಂಬರಿಯ ಕವಿಗೆ ಮಾಳವದ ಭೋಜ ಕುದುರೆಗಳನ್ನು ಕೊಟ್ಟನೆಂಬ ಮಾತಿದೆ. ಭೋಜ ಪಟ್ಟವೇರಿದ್ದು 1010ರ ಸುಮಾರಿಗೆ. ಅವನು ಜಯಸಿಂಹ ಜಗದೇಕಮಲ್ಲನೊಡನೆ ಕಾದಾಡಿದವನು. ರಕ್ಕಸಗಂಗನ ಕವಿಗೆ ಭೋಜ ಸಮಕಾಲೀನನಾಗಿದ್ದಿರಬಹುದು. ಆದರೆ ದಾಮೋದರನ ಮಗನಿಗೆ ಅವನು ಇನ್ನೂ ಹತ್ತಿರ. ಕುದುರೆಯ ಮಾತನ್ನು ನಂಬಿ ಕೃತಿಯನ್ನು ಈಚೆಗೆ ತರುವವರೂ ರೂಢಿಯನ್ನು ನಂಬಿ ಅಲ್ಲೇ ಇಡುವವರೂ ತಂದೆಯ ಹೆಸರಿನಷ್ಟು ಗಟ್ಟಿಯಾದ ಆಧಾರವನ್ನು ನನ್ನ ಮುಂದೆ ಇಟ್ಟಿಲ್ಲ. ಆ ಪತ್ರವನ್ನು ವೆಣ್ಣಮಯ್ಯನ ಮಗನ ಹಿಂದೆಯೇ ಇಡಿಸಿದೆ. ಮೇಲಿನ ಹೆಸರನ್ನು ಮಾತ್ರ ಪೆನ್ಸಿಲಿನಲ್ಲಿ ಬರೆಯಲು ಹೇಳಿದೆ.