ಹಸಿವೆಯ ವಾರ್ತಾಹರರು

ಅನ್ನವು ಸಾಕಾಯಿತೆಂಬ ವಾರ್ತೆಯು ಕರುಳಿನಿಂದ ಮಿದುಳಿಗೆ ನರದ ಮಾರ್ಗವಾಗಿ ಹೋಗುವುದೋ ರಕ್ತದ ಮಾರ್ಗವಾಗಿ ಹೋಗುವುದೋ ಎಂಬುದು ಇಪ್ಪತ್ತನೆಯ ಶತಮಾನದ ಶರೀರಶಾಸ್ತ್ರದ ಒಂದು ವಿವಾದ. ಇದರ ಮೂಲವಾದರೋ ಹಸಿವೆಯ ವಿಚಾರದಲ್ಲಿರದೆ ಪಾಚಕರಸದ ವಿಚಾರದಲ್ಲಿದ್ದಿತು. ಆ ರಸಗಳು ನರಗಳ ಆಜ್ಞೆಯಿಂದ ಸ್ರವಿಸುವುವೆಂದು ರಷ್ಯಾದೇಶದ ಪಾವ್ಲೋವರು ಪ್ರತಿಪಾದಿಸಿದ್ದರು.

1902ನೆಯ ಇಸವಿ ಜನವರಿ 16ರಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬೇಲಿಸ್, ಸ್ಟಾರ್ಲಿಂಗ್ ಎಂಬಿಬ್ಬರು ಈ ಮತವನ್ನು ಪರೀಕ್ಷಿಸಿದರು. ಪ್ರಜ್ಞೆ ತಪ್ಪಿಸಿದ ನಾಯಿಯ ಸಣ್ಣ ಕರುಳಿನ ಒಂದು ಭಾಗಕ್ಕೆ ಸೇರಿದ ನರಗಳನ್ನು ಕಡಿದು, ರಕ್ತನಾಳಗಳನ್ನು ಮಾತ್ರ ಉಳಿಸಿ, ಅದರೊಳಕ್ಕೆ ಆಮ್ಲವನ್ನು ಹೊಗಿಸಿದರು. ನರಸಂಬಂಧವಿಲ್ಲದಿದ್ದರೂ ಮೇದೋಜೀರಕಾಂಗದಿಂದ ರಸವು ತೊಟ್ಟಿಕ್ಕಿತು. ಬಳಿಕ ಸ್ಟಾರ್ಲಿಂಗರು ಕರುಳಿನ ಒಳಪೊರೆಯನ್ನು ಹೆರೆದು, ಮರಳು ಆಮ್ಲಗಳೊಡನೆ ಅರೆದು, ಸೋಸಿದ ದ್ರವವನ್ನು ನಾಯಿಯ ರಕ್ತಕ್ಕೆ ಸೇರಿಸಲು, ರಸವು ಮತ್ತೆ ಸ್ರವಿಸಿತು. ಅದರೊಳಗಿನ ದ್ರವ್ಯಕ್ಕೆ ಸೆಕ್ರೀಟಿನ್ ಎಂದು ಹೆಸರಾಯಿತು. ತಮ್ಮ ಪ್ರಯೋಗಶಾಲೆಯಲ್ಲಿಯೂ ಇದೇ ಫಲವು ಕಂಡಾಗ ಪಾವ್ಲೋವರು ಒಪ್ಪಿದರು. ಇದು ಅವರ ಹಿರಿಮೆಯೇ ಸರಿ.

1905ರಲ್ಲಿ ಸ್ಟಾರ್ಲಿಂಗರು ಇಂತಹ ದ್ರವ್ಯಗಳನ್ನು ಹಾರ್ಮೋನ್ ಎಂದು ಕರೆದರು. ಇದು ಪ್ರೇರಿಸು ಎಂಬರ್ಥದ ಗ್ರೀಕ್ ಧಾತುವಿನಿಂದ ಬಂದ ಶಬ್ದ. ಚರಕಸಂಹಿತೆಯು ಕ್ಷುಧೆಯನ್ನು ತಡೆಯಬಾರದ ವೇಗಗಳಲ್ಲಿ ಎಣಿಸಿರುವುದನ್ನು ಕಂಡು, ಪ್ರಾಚೀನರಿಗೂ ಹಾರ್ಮೋನು ತಿಳಿದಿತ್ತೆಂದು ವಾದಿಸುವುದು ಮಾತ್ರ ಸಾಹಸ, ಅರ್ಥಸಾದೃಶ್ಯವು ಪ್ರಮಾಣವಾಗಲಾರದು.

ಈ ತತ್ತ್ವವು ಹಸಿವೆಗೆ ಅನ್ವಯಿಸಲು ಬಹುಕಾಲ ಹಿಡಿಯಿತು. 1912ರಲ್ಲಿ ಅಮೆರಿಕದ ಕ್ಯಾನನ್, ವಾಷ್‌ಬರ್ನ್ ಎಂಬವರು ಜಠರದ ಸಂಕೋಚವೇ ಹಸಿವೆಗೆ ಕಾರಣವೆಂದರು. ಆದರೆ ಜಠರವನ್ನೇ ತೆಗೆಸಿಕೊಂಡವರಿಗೂ ಹಸಿವೆಯುಂಟು. ಭಾರತೀಯರಾದ ಬಿ. ಕೆ. ಆನಂದರು 1951ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಬ್ರೋಬೆಕರೊಡಗೂಡಿ, ಮಿದುಳಿನ ಹೈಪೊಥಲಾಮಸ್ ಎಂಬ ಭಾಗದ ಇಕ್ಕೆಲಗಳನ್ನು ನಾಶಪಡಿಸಿದರೆ ಇಲಿಯು ಆಹಾರವನ್ನೇ ಬಿಡುವುದೆಂದು ತೋರಿಸಿದರು. ಅಲ್ಲಿಗೆ ವಾರ್ತೆಯನ್ನು ಒಯ್ಯುವವರಾರೆಂಬುದು ಉಳಿಯಿತು.

ಪಿತ್ತಕೋಶವನ್ನು ಸಂಕೋಚಗೊಳಿಸುವುದೆಂದು 1928ರಿಂದ ತಿಳಿದಿದ್ದ ಕೋಲಿಸಿಸ್ಟೊಕೈನಿನ್ ಎಂಬ ಕರುಳಿನ ಹಾರ್ಮೋನನ್ನು 1973ರಲ್ಲಿ ಗಿಬ್ಸ್, ಯಂಗ್, ಸ್ಮಿತ್ ಎಂಬವರು ಇಲಿಗಳಿಗೆ ಕೊಡಲು, ಅವು ಕಡಿಮೆ ತಿಂದುವು. ಆದರೆ ಉದರದ ವೇಗಸ್ ನರವನ್ನು ಕಡಿದ ಇಲಿಗಳಲ್ಲಿ ಅದರ ಪ್ರಭಾವವು ಬಹುಮಟ್ಟಿಗೆ ಅಡಗಿದುದು 1981ರಲ್ಲಿ ಕಂಡುಬಂದಿತು. ನರವನ್ನು ಕಡಿದು ಸಾಧಿಸಿದ ತತ್ತ್ವಕ್ಕೆ ಮತ್ತೆ ನರದ ಸಹಾಯವೇ ಬೇಕಾಯಿತು! ಪಾವ್ಲೋವರ ಮತವು ನಿರ್ಮೂಲವಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟ.

1999ರಲ್ಲಿ ಜಪಾನಿನ ಕೊಜಿಮಾ, ಕಂಗಾವಾ ಮೊದಲಾದವರು ಇಲಿಯ ಜಠರದಲ್ಲಿ ಗ್ರೆಲಿನ್ ಎಂಬುದನ್ನು ಕಂಡುಹಿಡಿದರು. ಇದು ಹಸಿವೆಯನ್ನು ಹೆಚ್ಚಿಸುವುದು. ಊಟಕ್ಕೆ ಮುಂಚೆ ರಕ್ತದಲ್ಲಿ ಏರಿ, ಉಂಡ ಬಳಿಕ ಇಳಿಯುವುದು. ಅದು ಮಿದುಳನ್ನು ರಕ್ತದಿಂದಲೇ ಮುಟ್ಟುವುದೋ ವೇಗಸ್ ನರದ ಮುಖಾಂತರವೋ ಎಂಬಲ್ಲಿ ಶಾಸ್ತ್ರಜ್ಞರಿಗೆ ಈಗಲೂ ಏಕಾಭಿಪ್ರಾಯವಿಲ್ಲ.